ನಾಲ್ಕು ನಿಂಬೆಹಣ್ಣಿನ ಮರಾಡರ್

ಈ ಸಲದ ಆಯುಧಪೂಜೆಗೆ ಅಟ್ಲಾಂಟಾ ಪಕ್ಕದ ಕಮ್ಮಿಂಗ್‌ನ ನಮ್ಮ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ರಘುವಿನ ಕಾರು ನೆನಪಾಯಿತು. ಸಾಲಾಗಿ ನಿಂತ ಬಿಳಿ ಎಲೆಕ್ಟ್ರಿಕ್ ಕಾರುಗಳಲ್ಲಿ ಯಾವುದು ಯಾರದೆಂದು ಮಾಲೀಕರಿಗೇ ತಿಳಿಯದೆ, ಒಬ್ಬರ ಕಾರಿಗೆ ಇನ್ನೊಬ್ಬರು ಕುಂಕುಮ ಹಚ್ಚುತ್ತಿದ್ದರು. ರಘುವಿನ ಕಾರಿಗೆ ಹಾಗೆ ಗುಂಪಿನಲ್ಲಿ ಕಳೆದುಹೋಗುವ ಭಾಗ್ಯವಿರಲಿಲ್ಲ.

ರಘು ನನ್ನ ಜೊತೆ ಕೆಲಸಕ್ಕಿದ್ದ ಮೈಸೂರಿನವನು. ನಾವೆಲ್ಲ ಸ್ಪ್ರೆಡ್‌ಶೀಟ್ ಮಾಡಿ, ರಾಶಿ ರಿವ್ಯೂ ಓದಿ, ಕೊನೆಗೆ ಪಕ್ಕದ ಮನೆಯವರು ಕೊಂಡದ್ದನ್ನೇ ಕೊಳ್ಳುವ ಬುದ್ಧಿವಂತರು. ಅವನು ಮಾತ್ರ ಹದಿನೈದು ವರ್ಷ ಹಳೆಯ, ಮರಾಡರ್ ಎಂಬ ಕಪ್ಪು ಕಾರು ತಂದ. ಎರಡೇ ವರ್ಷ ತಯಾರಿಸಿ ಕೈಬಿಟ್ಟದ್ದಂತೆ. ಅಮೆರಿಕದವರೇ ಮರೆತದ್ದನ್ನು ನೆನಪಿಟ್ಟುಕೊಳ್ಳುವ ಹೊಣೆ ಮೈಸೂರಿನವನಿಗೇಕೆ, ನೀವೇ ಹೇಳಿ. ಹೆಸರಿನ ಅರ್ಥ ಲೂಟಿಕೋರ, ಮುಖ ಥೇಟ್ ಇಲ್ಲಿನ ಪೊಲೀಸ್ ಕಾರಿನದು. ಹೈವೇಯಲ್ಲಿ ಅವನು ಹಿಂದೆ ಬಂದರೆ ಮುಂದಿನವರೆಲ್ಲ ದಿಢೀರನೆ ಸಜ್ಜನರಾಗಿ ಬ್ರೇಕ್ ಒತ್ತುತ್ತಿದ್ದರು. ಅಷ್ಟು ದೊಡ್ಡ ವಿ-ಎಂಟು ಎಂಜಿನ್ ಇಟ್ಟುಕೊಂಡೂ ಪಾಪ, ಎಲ್ಲರಿಗಿಂತ ನಿಧಾನವಾಗಿ ಹೋಗುವುದೇ ಅವನ ಹಣೆಬರಹವಾಗಿತ್ತು.

"ಮೈಲೇಜ್ ಎಷ್ಟು ಕೊಡುತ್ತೋ?" ಎಂದು ನಾನು ಸಿಕ್ಕಾಗಲೆಲ್ಲ ಕೆಣಕುತ್ತಿದ್ದೆ.

"ಅದನ್ನ ನಿನ್ನ ಮಿನಿವ್ಯಾನ್‌ನ ಕೇಳು ಹೋಗೋ," ಎನ್ನುತ್ತಿದ್ದ.

ಮೂರು ವರ್ಷದ ಹಿಂದೆ ಅವನಿಗೆ ಲೇಆಫ್ ಆಯಿತು. ಬೇರೆ ಕೆಲಸ ಹುಡುಕಲು ವೀಸಾ ಕೊಡುವ ಅರವತ್ತು ದಿನ ಮುಗಿಯುತ್ತಾ ಬಂದಾಗ, ಮೈಸೂರಿಗೆ ಹೊರಟವನು ಕಾರಿನ ಕೀಲಿ ನನ್ನ ಕೈಗಿಟ್ಟ. "ಇದೇನು ಅಂತ ಗೊತ್ತಿರೋರಿಗೆ ಸೆಲ್ ಮಾಡು ಕಣೋ. ಜಂಕ್‌ಯಾರ್ಡ್‌ಗೆ ಮಾತ್ರ ಹೋಗ್ಬಾರ್ದು." ಅವನ ಕಣ್ಣು ಒದ್ದೆಯಾಗಿತ್ತು. ನಾನು ಅದಕ್ಕೂ ನಕ್ಕೆ.

ಜಾಹೀರಾತು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೆ. ಕಾರು ಅತ್ಯಂತ ಲಕ್ಷಣವಾಗಿ ಕಂಡ ಫೋಟೊ ಆರಿಸಿದೆ. ಹಿಂದಿನ ಆಯುಧಪೂಜೆಯದು: ಸೇವಂತಿಗೆ ಹಾರ, ಒಂದೊಂದು ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು. ಅಮೆರಿಕದವರಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಅಡಿಬರಹವನ್ನೂ ದಯಪಾಲಿಸಿದೆ: "ಫೋರ್ ಲೆಮನ್ಸ್, ಫಾರ್ ಗುಡ್ ಲಕ್."

ಮೂರು ತಿಂಗಳು ಒಂದು ಫೋನೂ ಬರಲಿಲ್ಲ. ಆ ಮುದಿ ಕಾರು ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತಿರುವುದು ನನ್ನ ಘನತೆಗೆ ಕುಂದೆನಿಸಿ, ಗುಜರಿಗೆ ಒಯ್ಯಲು ಜಂಕ್‌ಯಾರ್ಡಿನವರನ್ನೇ ಕರೆದೆ. ರಘುವಿಗೆ ಮಾತ್ರ, "ಹಳೇ ಕಾರಿನ ಹುಚ್ಚಿರೋ ಅಂಕಲ್ ಒಬ್ರು ತಗೊಂಡ್ರು" ಎಂದು ಮೆಸೇಜ್ ಮಾಡಿದೆ. ವಾರದ ನಂತರ ಜಾಹೀರಾತು ನೋಡಿದ ಮಗಳು ಬಿದ್ದು ಬಿದ್ದು ನಕ್ಕಳು.

"ಅಪ್ಪಾ, ಲೆಮನ್ ಅಂದ್ರೆ ಬ್ಯಾಡ್ ಕಾರ್! ಯು ಪುಟ್ ಫೋರ್?"

ಇಷ್ಟು ವರ್ಷ ಈ ದೇಶದ ನೀರು ಕುಡಿದ ಪಂಡಿತನಿಗೆ ಅದು ಗೊತ್ತಿರಲಿಲ್ಲ. ಅಂದು ನಿಜವಾಗಿ ನಾಚಿಕೆಯಾಯಿತು. ಆದರೂ ರಘುವಿಗೆ ಹೇಳಲಿಲ್ಲ.

ಪೂಜೆ ಮುಗಿಸಿ ಮನೆಗೆ ಬಂದರೆ ಅವನದೇ ಫೋನು. ಆಫೀಸಿನ ಕೆಲಸಕ್ಕೆ ಅಟ್ಲಾಂಟಾಗೆ ಬರುತ್ತಾನಂತೆ. "ಆ ಅಂಕಲ್ ಅಡ್ರೆಸ್ ಕೊಡೋ. ಗಾಡೀನ ಒಂದ್ಸಲ ನೋಡ್ಕೊಂಡ್ ಬರ್ತೀನಿ."

ಹೊಸ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಕಾರಿನ ಬಗ್ಗೆಯೇ ಕೇಳಿದ.

"ಟೋ ಟ್ರಕ್‌ಗೆ ಹತ್ತಿಸ್ದಾಗ ಸ್ಟಾರ್ಟ್ ಆಯ್ತಾ?"

"ಒಂದೇ ಸಲಕ್ಕೆ. ನಾನೇ ಹತ್ತಿಸ್ದೆ."

"ಓಡ್ಸೋಕೆ ಹೇಗಿತ್ತೋ?"

ತಮಾಷೆಯ ಮಾತು ಬಾಯಿಗೆ ಬರಲಿಲ್ಲ.

"ಚೆನ್ನಾಗಿತ್ತು ಕಣೋ," ಎಂದೆ. "ತುಂಬಾ ಚೆನ್ನಾಗಿತ್ತು."