ನೊರೆಹಾಲು

ಮದುವೆಯಾಗಿ ನಾನು ಹರಿಹರಕ್ಕೆ ಬಂದಾಗ, ಐವತ್ತರ ದಶಕದ ಕೊನೆಗೆ, ನಮ್ಮತ್ತೆಯ ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದವು. ಓಣಿಗೆಲ್ಲ ಹಾಲು ನಮ್ಮದೇ. ಎಲ್ಲರೂ ಮನೆಗೆ ಒಯ್ದು ಕಾಯಿಸಿಕೊಳ್ಳುತ್ತಿದ್ದರು. ಯಾರಾದರೂ ಬಸುರಿ ಎಂದು ತಿಳಿದರೆ ಮಾತ್ರ ಅತ್ತೆ ಕೊಟ್ಟಿಗೆಗೇ ಕರೆಸಿ, ಆಗಷ್ಟೇ ಹಿಂಡಿದ ಹಾಲನ್ನು ನೊರೆ ಇರುವಾಗಲೇ ಕುಡಿಸುತ್ತಿದ್ದರು.

"ಕಾಯಿಸಿದ್ರೆ ಸತ್ವ ಎಲ್ಲಾ ಹೋಗ್ತೈತೆ. ಹಂಗೇ ಕುಡಿಯವ್ವ."

ಎದುರುಮನೆಯ ದರ್ಜಿಯ ಹೆಂಡತಿಗೆ ಅದು ಚೊಚ್ಚಲ ಬಸಿರು. ತಾಯಿಯಿಲ್ಲದ ಹುಡುಗಿ, ನಮ್ಮತ್ತೆಯನ್ನೇ ಅಮ್ಮ ಎನ್ನುತ್ತಿದ್ದಳು. ಬೆಳಿಗ್ಗೆ ತಲೆ ಮೇಲೆ ಸೆರಗು ಹೊದ್ದು ಬಂದು, ಲೋಟ ಬರಿದು ಮಾಡಿ, ತುಟಿಯ ನೊರೆ ಒರೆಸಿಕೊಂಡು ನಗುತ್ತಾ ಹೋಗುತ್ತಿದ್ದಳು.

ಆ ಮಳೆಗಾಲ ನಮ್ಮ ಗಬ್ಬದ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ದಾವಣಗೆರೆಯಿಂದ ಬಂದ ದನದ ಡಾಕ್ಟರು ನೋಡಿ, "ಈ ಹಾಲು ಯಾರ್ಯಾರು ಕುಡೀತಾರ್ರಿ? ಇದು ಮನುಷ್ಯರಿಗೂ ಅಂಟೋ ಜಡ್ಡು. ಕುದಿಸದೆ ಒಂದು ಹನಿನೂ ಬಾಯಿಗೆ ಹಾಕಬ್ಯಾಡ್ರಿ" ಎಂದರು.

ಅತ್ತೆ ಕೈ ಕೂಡ ತೊಳೆಯದೆ ಓಣಿಗಿಳಿದರು. ನಾನು ಹಿಂದೆ. ಬಾಗಿಲು ಬಾಗಿಲಿಗೂ ನಿಂತು, "ಬೆಳಿಗ್ಗೆ ಕೊಟ್ಟ ಹಾಲು ಚೆಲ್ಲಿಬಿಡ್ರವ್ವ" ಎಂದು ಬೇಡಿದರು. ಒಬ್ಬಾಕೆ, "ನಿಮ್ಮ ಹಾಲಿಗೇನಾಗೈತ್ರಿ?" ಎಂದು ನಕ್ಕಳು. ಅತ್ತೆ ತಾವೇ ಒಳಹೊಕ್ಕು ಪಾತ್ರೆ ಎತ್ತಿ ಮೋರಿಗೆ ಸುರಿದರು. ಕೊನೆಗೆ ದರ್ಜಿಯ ಮನೆ. ಹುಡುಗಿ ಕೌದಿ ಹೊದ್ದು ಮಲಗಿದ್ದಳು. ನಾಲ್ಕೈದು ದಿನದಿಂದ ಸಂಜೆಯಾದರೆ ಮೈ ಸುಡುತ್ತದೆ, ಮಳೆಗಾಲದ ಜ್ವರ ಅಂದುಕೊಂಡಿದ್ದೆವು ಎಂದ ಅವಳ ಗಂಡ.

ದಾವಣಗೆರೆಯ ಆಸ್ಪತ್ರೆಗೆ ಒಯ್ದರು. ಅವಳು ಉಳಿದಳು, ಬಸಿರು ಉಳಿಯಲಿಲ್ಲ. ಹಾಲಿನಿಂದಲೇ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಅತ್ತೆಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಅವರು ಹಾಲು ಮಾರುವುದನ್ನೇ ಬಿಟ್ಟರು.

ದರ್ಜಿ ತನ್ನ ಅಂಗಡಿಯನ್ನು ದಾವಣಗೆರೆಗೆ ಸಾಗಿಸಿದ. ಕೆಲ ವರ್ಷಗಳ ಮೇಲೆ ಆ ಹುಡುಗಿಗೆ ಹೆಣ್ಣುಮಗುವಾಯಿತೆಂದು ಕೇಳಿ, ಅತ್ತೆ ಕುಲಾವಿ ಹೊಲಿದು, ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹಿಂದಿರುಗಿದರು. "ಯಾವ ಮುಖ ಇಟ್ಕಂಡು ಹೋಗ್ಲಿ?" ಎಂದವರು ಮತ್ತೆಂದೂ ಹೊರಡಲಿಲ್ಲ.

ಅವರು ತೀರಿಕೊಂಡ ಮರುವರ್ಷ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಅವಳೇ ನನ್ನ ಗುರುತು ಹಿಡಿದಳು. ಪಕ್ಕದಲ್ಲಿ ಮಗಳು.

"ಅಮ್ಮ ಹೆಂಗದಾರ್ರಿ ಅಕ್ಕಾ?"

ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ ಕೆಳಗಿಟ್ಟಳು.

"ನನಗೆ ಅವರ ಮ್ಯಾಲೆ ಸಿಟ್ಟಿರಲಿಲ್ಲ. ಮಗು ನೋಡಾಕಾದ್ರೂ ಬರ್ತಾರೆ ಅಂತ ದಾರಿ ಕಾದೆ. ಬರಲೇ ಇಲ್ಲ."