ಹನ್ನೆರಡು ಭಾನುವಾರಗಳ ನಿಘಂಟು

ಕೋಟೆ ಬೀದಿಯ ಅಬ್ಬಾಸ್ ಅಲಿ ಮೇಷ್ಟ್ರು ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಶಿವಮೊಗ್ಗದ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಡಾಕ್ಟರೇಟಿಗೆ ಬೇಕಾದ ಕೋರ್ಸುಗಳು ಮುಗಿದಿದ್ದವು, ಗಣಿತದ ಎರಡು ಪೇಪರೂ ಪಾಸಾಗಿದ್ದವು, ಪ್ರಬಂಧ ಟ್ರಂಕಿನಲ್ಲಿತ್ತು. ಅಡ್ಡ ನಿಂತದ್ದು ಜರ್ಮನ್ ಭಾಷೆಯ ಪರೀಕ್ಷೆಯೊಂದೇ. ಒಂದು ಪುಟ ಜರ್ಮನ್ ಗಣಿತವನ್ನು ಇಂಗ್ಲಿಷಿಗೆ ತರಬೇಕು, ನಿಘಂಟು ನೋಡಿಕೊಳ್ಳಬಹುದು. ನೋಡಿಕೊಳ್ಳಲು ನಿಘಂಟೆಲ್ಲಿ? ಶಿವಮೊಗ್ಗವೆಲ್ಲ ಜಾಲಾಡಿದರೂ ಇಲ್ಲ. ಬೆಂಗಳೂರಿನ ಅಂಗಡಿಯವನು ತರಿಸಿಕೊಡುತ್ತೇನೆಂದು ಬರೆದೇ ವರ್ಷವಾಯಿತು. ಬರಿಗೈಯಲ್ಲಿ ಕೂತು ಎರಡು ಸಲ ಫೇಲಾದರು. ಅರವತ್ತೊಂದನೇ ಇಸವಿಯ ಮೂರನೆಯದೇ ಕೊನೆ. ಅದೂ ಹೋದರೆ ಆರು ವರ್ಷದ ದುಡಿಮೆ ಟ್ರಂಕಿನಲ್ಲೇ ಮಣ್ಣಾಗಬೇಕು.

ಅಷ್ಟರಲ್ಲಿ ಅಕ್ಕನ ಗಂಡ ರಸೂಲ್ ಸಾಬ್ ಸುದ್ದಿ ತಂದರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಪೆಟ್ಟಿಗೆಗಳ ಮೇಲೆ ಇಂಗ್ಲಿಷ್ ಅಕ್ಷರ ಬರೆಯುವ ಪೇಂಟರ್ ಅವರು. ಓದಲು ಬಾರದು, ಮಾದರಿ ನೋಡಿ ಹಾಗೆಯೇ ಇಳಿಸುತ್ತಿದ್ದರು. ಮೆಷಿನ್ ಜೋಡಿಸಲು ಬಂದವರು ಬಿಟ್ಟುಹೋದ ಜರ್ಮನ್-ಇಂಗ್ಲಿಷ್ ನಿಘಂಟು ಅಲ್ಲಿಯ ಲೈಬ್ರರಿಯಲ್ಲಿದೆಯಂತೆ. ಗೇಟು ದಾಟಿಸುವಂತಿಲ್ಲ, ಕೂತು ನಕಲು ಮಾಡಿಕೊಳ್ಳಬಹುದು. ಕೈಬರಹದ್ದೂ ನಡೆಯುತ್ತದೆಂದು ವಿಶ್ವವಿದ್ಯಾಲಯದಿಂದ ಕಾಗದ ಬಂದದ್ದೇ ತಡ, ಮೇಷ್ಟ್ರು ಭಾನುವಾರದ ಮೊದಲ ರೈಲು ಹತ್ತಿದರು.

ಆರು ಭಾನುವಾರ ಕಳೆದವು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ರಸೂಲ್ ಸಾಬ್ ಕೇಳಿದರು, “ಒಟ್ಟು ಎಷ್ಟು ಪುಟ?”

“ಮುನ್ನೂರು.”

“ವಾರಕ್ಕೆ?”

“ಇಪ್ಪತ್ತು.”

“ಪರೀಕ್ಷೆಗೆ ಇನ್ನೆಷ್ಟು ಭಾನುವಾರ?”

“ಆರು...” ಮೇಷ್ಟ್ರ ಕೈಯ ತುತ್ತು ಕೈಯಲ್ಲೇ ನಿಂತಿತು. ಹನ್ನೆರಡೂ ಭಾನುವಾರ ಸೇರಿ ಇನ್ನೂರನಲವತ್ತು ಪುಟಕ್ಕೇ ಖಲಾಸ್!

“ಊರ ಮಕ್ಕಳಿಗೆಲ್ಲ ಲೆಕ್ಕ ಹೇಳ್ಕೊಡ್ತೀಯ, ಇದೊಂದು ಭಾಗಾಕಾರ ಮಾಡ್ಲಿಲ್ವಾ ಮಾರಾಯ?”

ಮಾಡಬೇಕಾದರೆ ಒಂದು ಗಳಿಗೆ ನಿಲ್ಲಬೇಕಲ್ಲ! ಈ ಅವಸರದ ಮನುಷ್ಯ ನಿಂತರೆ ತಾನೆ?

ಕಡೆಯ ಭಾನುವಾರ ರೈಲು ಹೊರಡುವಾಗ ರಸೂಲ್ ಸಾಬ್ ಕಿಟಕಿಯೊಳಗೆ ಒಂದು ನೋಟ್‌ಬುಕ್ ತುರುಕಿದರು.

“ದಿನಾ ಊಟದ ಬಿಡುವಲ್ಲಿ ಹೋಗಿ ಕೊನೇ ಅರವತ್ತು ಪುಟ ಬರ್ದಿದೀನಿ. ತಪ್ಪಿದ್ರೆ ಬೈಬೇಡ.”

ಪರೀಕ್ಷೆಯ ಹಾಲ್‌ನಲ್ಲಿ ಮೇಷ್ಟ್ರು ಪ್ರಶ್ನೆಪತ್ರಿಕೆ ಬಿಡಿಸಿದರು. ಮೊದಲ ಸಾಲಿನಲ್ಲೇ ಗೊತ್ತಿಲ್ಲದ ಪದ, ಅದೂ ಭಾವನ ಪಾಲಿನದು. ನೋಟ್‌ಬುಕ್ ತೆರೆದರು. ಪೆಟ್ಟಿಗೆಯ ಮೇಲೆ ಬರೆಯುವಂಥದೇ ಅಚ್ಚುಕಟ್ಟಾದ ಅಕ್ಷರ, ಪದ ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಲೈಬ್ರರಿಯ ಗುಂಡು ಮೊಹರು. ಮುಂದಿನ ಪುಟದಲ್ಲಿ ಶಾಯಿ ಚೆಲ್ಲಿದ ಕಲೆ, ಯಾರೋ ಪೆನ್ಸಿಲಿನಲ್ಲಿ ಗೀಚಿದ್ದ ಮೀಸೆಯ ಮುಖ. ಎಲ್ಲವನ್ನೂ ಪುಣ್ಯಾತ್ಮ ಇದ್ದ ಹಾಗೇ ಇಳಿಸಿದ್ದರು. ಯಾವುದು ಬೇಕು, ಯಾವುದು ಬೇಡ, ಓದು ಬಾರದವರಿಗೆ ಹೇಗೆ ತಿಳಿಯಬೇಕು? ಮೇಷ್ಟ್ರಿಗೆ ನಗು ಬಂತು, ಕಣ್ಣೂ ತುಂಬಿತು. ಪೆನ್ನು ಎತ್ತಿಕೊಂಡು ಬರೆಯತೊಡಗಿದರು.

ಪಾಸಾದ ಕಾಗದ ಹಿಡಿದು ಭದ್ರಾವತಿಗೆ ಓಡಿದರು. ರಸೂಲ್ ಸಾಬ್ ಅಂಗಳದಲ್ಲಿ ಬ್ರಷ್ ತೊಳೆಯುತ್ತಿದ್ದರು. ಕಾಗದವನ್ನು ನೋಡಿ ಅವರು ಮೊದಲು ಕೇಳಿದ್ದು ಇದನ್ನೇ.

“ನಾನು ಬರ್ದಿದ್ದು ಒಂದಾದ್ರೂ ಬಂತಾ?”

“ಒಂಬತ್ತು ಬಂತು, ಭಾವಾ. ಎಣಿಸಿದೀನಿ.”

ರಸೂಲ್ ಸಾಬ್ ಮುಖವನ್ನು ಆಚೆ ತಿರುಗಿಸಿಕೊಂಡರು. ತೊಳೆದ ಬ್ರಷ್ಷನ್ನೇ ಮತ್ತೆ ತೊಳೆಯುತ್ತಾ ಕೇಳಿದರು, “ಈ ಸಲ ಲೆಕ್ಕ ಸರಿಯಾಗಿ ಹಾಕಿದೀಯ ತಾನೆ, ಮಾರಾಯ?”