ಅಕ್ಕನ ನೋವಿನ ಮಾತ್ರೆಗೆ ನಾನು ಕೊಟ್ಟ ತಂಪು

ಈಗ ಯಾರಾದರೂ ಮದ್ದು ಕೇಳಲು ಬಂದರೆ ಆಸ್ಪತ್ರೆಗೆ ಹೋಗಿ ಅನ್ನುತ್ತೇನೆ. ಮಾತು ಅಲ್ಲಿಗೇ ಮುಗಿಯುತ್ತದೆ. ಅಕ್ಕ ತೀರಿಹೋಗಿ ವರ್ಷವಾಯಿತು. ಒಬ್ಬನಿಗೆಂದು ಮುದ್ದೆ ತೊಳಸಿದರೆ ಹದವೇ ಬರುವುದಿಲ್ಲ. ಬಂದಷ್ಟು ತಿಂದು, ತಟ್ಟೆ ತೊಳೆದಿಡುತ್ತೇನೆ.

ಮೊದಲು ನಾನು ಹೀಗಿರಲಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದು ನನ್ನ ಕಸುಬು, ಕೇಳದಿದ್ದರೂ ಮದ್ದು ಹೇಳುವುದು ನನ್ನ ಚಾಳಿ. ಕೆಮ್ಮಿದವನಿಗೆ ಕಷಾಯ, ಕಿಡ್ನಿಯಲ್ಲಿ ಕಲ್ಲು ಕಟ್ಟಿದವನಿಗೆ ಹುರುಳಿ ಕಟ್ಟು. ನಾಲ್ಕು ಜನ ವಾಸಿಯಾಯಿತು ಅಂದಿದ್ದೇ ತಡ, ನನಗೆ ಕೋಡು ಮೂಡಿತು.

ಗಂಡ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಳು. ನಾನಂತೂ ಮದುವೆಯಾದವನಲ್ಲ. ಅವಳು ದಿನಾ ರೈಲಿನಲ್ಲಿ ರಾಮನಗರಕ್ಕೆ ಹೋಗಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದಳು. ಬಿಸಿನೀರಿನ ಮುಂದೆ ನಿಂತು ನಿಂತು ಸೊಂಟ, ಮಂಡಿ ಎರಡೂ ಕೈಕೊಟ್ಟಿದ್ದವು. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು, ನುಂಗಿ ಹೊರಡುತ್ತಿದ್ದಳು. ಡಾಕ್ಟರ ಚೀಟಿಯನ್ನು ಅಲ್ಲಿ ಯಾರೂ ಕೇಳಲಿಲ್ಲ.

ಆ ಮಾತ್ರೆ ಕಿಡ್ನಿಗೆ ಕೆಟ್ಟದ್ದು ಎಂದು ನಾನೂ ಕೇಳಿದ್ದೆ. ಆದರೂ ಬಿಡು ಅನ್ನಲಿಲ್ಲ. ಮಾತ್ರೆ ಅಂದರೆ ಉಷ್ಣ, ಉಷ್ಣಕ್ಕೆ ತಂಪು ಕೊಟ್ಟರೆ ಸರಿಹೋಯಿತು ಎಂದು ನಾನೇ ತೀರ್ಪು ಕೊಟ್ಟೆ. ಬೆಳಿಗ್ಗೆ ಎದ್ದು ಬಾಳೆದಿಂಡು ಹೆಚ್ಚಿ, ನಾರನ್ನು ಬೆರಳಿಗೆ ಸುತ್ತಿ ತೆಗೆದು, ಮಜ್ಜಿಗೆಯಲ್ಲಿ ರುಬ್ಬಿ ಸೋಸುತ್ತಿದ್ದೆ. ಸಂಜೆಗೆ ಬಾರ್ಲಿ ನೀರು.

“ನೀನೂ ನೂಲು ಬಿಚ್ಚಕೆ ಕಲ್ತ್ಬುಟ್ಟೆ ಕಣ್ಲಾ,” ಎಂದು ಅಕ್ಕ ನಗುತ್ತಿದ್ದಳು. ಮೂಗು ಹಿಡಿದುಕೊಂಡು ಒಂದೇ ಗುಟುಕಿಗೆ ಕುಡಿಯುತ್ತಿದ್ದಳು. ನಿಜ ಹೇಳಬೇಕೆಂದರೆ, ನನ್ನ ದಿನದಲ್ಲಿ ಸಂತೋಷದ ಹೊತ್ತು ಅದೊಂದೇ.

ಅವಳ ಪಾದ ಊದಿಕೊಂಡಾಗ ನಿಂತು ಕೆಲಸ ಮಾಡಿದ್ದಕ್ಕೆ ಅಂದೆ, ಬೂದುಗುಂಬಳದ ರಸವನ್ನೂ ಸೇರಿಸಿದೆ. ಮುಖವೂ ಊದಿತು. ತಿಂದದ್ದೆಲ್ಲ ವಾಂತಿಯಾಗತೊಡಗಿದ ಮೇಲೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು.

ರಕ್ತದ ರಿಪೋರ್ಟ್ ನೋಡಿದ ಡಾಕ್ಟರಮ್ಮ ಊಟದಲ್ಲಿ ಏನೇನು ಕೊಡುತ್ತೀರಿ ಎಂದು ಕೇಳಿದರು. ನೋವಿನ ಮಾತ್ರೆಯ ಉಷ್ಣಕ್ಕೆಂದು ಕೊಟ್ಟದ್ದನ್ನೆಲ್ಲ ನಾನು ದಿಂಡಿನಿಂದ ಹಿಡಿದು ಬಾರ್ಲಿಯವರೆಗೆ ಹೆಮ್ಮೆಯಿಂದ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮಾತ್ರೆ ಮಾಡಿದ ಹಾನಿ ತೊಳೆಯೋ ರಸ ಯಾವುದೂ ಇಲ್ಲ. ಮಾತ್ರೆ ನಿಲ್ಲಿಸಿ ಮೊದಲೇ ಬಂದಿದ್ರೆ ಕಿಡ್ನಿ ಉಳೀತಿತ್ತೇನೋ. ಈಗ ದಿಂಡಿನ ರಸ, ಎಳನೀರು ಏನೂ ಕೊಡಬೇಡಿ. ಸೋತ ಕಿಡ್ನಿ ಅದರ ಪೊಟ್ಯಾಸಿಯಮ್ ಹೊರಗೆ ಹಾಕಲ್ಲ, ಹೃದಯಕ್ಕೇ ಅಪಾಯ. ದಿನಕ್ಕೆ ಎಷ್ಟು ಮಾತ್ರೆ ತಗೋತಿದ್ರು?”

“ಒಂದೇ,” ಅಂದೆ.

“ಮೂರು,” ಅಂದಳು ಅಕ್ಕ.

ನನಗೆ ತಡೆಯಲಾಗಲಿಲ್ಲ. “ಮೂರಾ? ನಂಗ್ ಯಾಕಕ್ಕಾ ಯೋಳ್ನಿಲ್ಲ?” ಎಂದು ಡಾಕ್ಟರ ಎದುರಿಗೇ ರೇಗಿದೆ.

ಅಕ್ಕನಿಗೆ ಕೋಪ ಬರಲಿಲ್ಲ. ಸಮಾಧಾನ ಹೇಳುವವಳ ಹಾಗೆ ನನ್ನ ಕೈ ಹಿಡಿದುಕೊಂಡಳು. “ಮೊದ್ಲು ಒಂದೇ ಕಣಪ್ಪ. ಜಾಸ್ತಿ ನುಂಗಕೆ ಭಯ ಆಯ್ತಿತ್ತು. ನೀನು ತಂಪು ಕೊಡಕೆ ಸುರು ಮಾಡ್ದಲ್ಲ, ಆಮೇಲೆ ಧೈರ್ಯ ಬಂತು.”

ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ತಿಂಗಳು ಡಯಾಲಿಸಿಸ್‌ಗೆ ಓಡಾಡಿದೆವು. ಅಷ್ಟು ದಿನದಲ್ಲಿ ಒಂದು ಸಲವೂ ಬೈಯಲಿಲ್ಲ.